ಎಂಜಿನ್ ಮಿಸ್‌ಫೈರ್

ಎಂಜಿನ್ ಮಿಸ್‌ಫೈರ್ ಎಂದರೆ ಕಿಡಿಯಿಂದ ಹೊತ್ತಿಕೊಳ್ಳುವ ಎಂಜಿನ್ನಿನ ಒಂದು ಅಥವಾ ಹೆಚ್ಚು ಸಿಲಿಂಡರುಗಳಲ್ಲಿ ಇಂಧನ ಮತ್ತು ಗಾಳಿಯ ಮಿಶ್ರಣವು ಸಕಾಲದಲ್ಲಿ ಹೊತ್ತಿಕೊಳ್ಳದಿರುವ ಅಥವಾ ಅರೆಬರೆಯಾಗಿ ಉರಿಯುವ ದೋಷ. ಕರ್ನಾಟಕದ ಗ್ಯಾರೇಜುಗಳ ಆಡುಮಾತಿನಲ್ಲಿ ಇದನ್ನು ‘ಮಿಸ್ಸಿಂಗ್’ ಎಂದು ಕರೆಯುತ್ತಾರೆ. ಪೆಟ್ರೋಲ್, ಎಲ್‌ಪಿಜಿ ಮತ್ತು ಸಿಎನ್‌ಜಿಯಿಂದ ಓಡುವ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಕಂಡುಬರುತ್ತದೆ. ಕಿಡಿ, ಇಂಧನ, ಗಾಳಿ ಮತ್ತು ಸಂಪೀಡನ ಇವುಗಳಲ್ಲಿ ಯಾವುದೇ ಒಂದು ಕೆಟ್ಟರೂ ಹೊರಗೆ ಕಾಣುವ ಲಕ್ಷಣಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಆದ್ದರಿಂದ ಮೂಲ ಕಾರಣವನ್ನು ಗುರುತಿಸದೆ ಬಿಡಿಭಾಗಗಳನ್ನು ಒಂದಾದ ಮೇಲೊಂದರಂತೆ ಬದಲಿಸುವುದು ಹಣದ ನಷ್ಟಕ್ಕೆ ಕಾರಣವಾಗುತ್ತದೆ. ಅಲಕ್ಷಿಸಿದ ಮಿಸ್‌ಫೈರ್ ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸಬಲ್ಲದು.

## ಕಾರ್ಯತತ್ವ

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಹೀರಿಕೆ, ಸಂಪೀಡನ, ಶಕ್ತಿ ಮತ್ತು ವಿಸರ್ಜನೆ ಎಂಬ ನಾಲ್ಕು ಹಂತಗಳು ಕ್ರ್ಯಾಂಕ್‌ಶಾಫ್ಟಿನ ಎರಡು ಸುತ್ತುಗಳಲ್ಲಿ ಪೂರ್ಣಗೊಳ್ಳುತ್ತವೆ. ಸಂಪೀಡನದ ಕೊನೆಯಲ್ಲಿ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿ ಮಿಶ್ರಣವು ಹೊತ್ತಿಕೊಳ್ಳುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನ ಪ್ರತಿ ಸಿಲಿಂಡರಿನಲ್ಲಿ ಸೆಕೆಂಡಿಗೆ 25 ಸಲ ದಹನ ನಡೆಯಬೇಕು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಇದು ಸೆಕೆಂಡಿಗೆ 100 ಕಿಡಿಗಳಾಗುತ್ತದೆ. ಇಂತಹ ಎಂಜಿನ್‌ಗಳಲ್ಲಿ ಸಿಲಿಂಡರುಗಳು ಸಾಮಾನ್ಯವಾಗಿ 1-3-4-2 ಎಂಬ ಕ್ರಮದಲ್ಲಿ ಉರಿಯುತ್ತವೆ.

ಬ್ಯಾಟರಿಯ 12 ವೋಲ್ಟ್ ವಿದ್ಯುತ್ತು ಕಿಡಿ ಹಾರಿಸಲು ಸಾಲದು. ಇಗ್ನಿಷನ್ ಕಾಯಿಲ್ ಎಂಬ ಸಾಧನದಲ್ಲಿ ಕೆಲವೇ ಸುತ್ತುಗಳಿರುವ ಪ್ರಾಥಮಿಕ ಸುರುಳಿ ಮತ್ತು ಸಾವಿರಾರು ಸುತ್ತುಗಳಿರುವ ದ್ವಿತೀಯಕ ಸುರುಳಿ ಇರುತ್ತವೆ. ಪ್ರಾಥಮಿಕ ಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದಾಗ ಕಾಂತಕ್ಷೇತ್ರವು ಕುಸಿದು, ದ್ವಿತೀಯಕ ಸುರುಳಿಯಲ್ಲಿ 20,000 ವೋಲ್ಟಿಗೂ ಮೀರಿದ ಒತ್ತಡ ಉಂಟಾಗುತ್ತದೆ. ಈ ಒತ್ತಡವೇ ಪ್ಲಗ್ಗಿನ ಎರಡು ವಿದ್ಯುದ್ವಾರಗಳ ನಡುವಿನ ಸಂದಿಯನ್ನು ದಾಟುತ್ತದೆ.

ಸಂದಿಯಲ್ಲಿರುವ ಅನಿಲದ ಒತ್ತಡ ಹೆಚ್ಚಾದಂತೆ ಕಿಡಿಗೆ ಬೇಕಾಗುವ ವೋಲ್ಟೇಜೂ ಹೆಚ್ಚುತ್ತದೆ. ಹೀಗಾಗಿ ಹೊರಗೆ ತೆಗೆದ ಪ್ಲಗ್ಗಿನಲ್ಲಿ ಕಿಡಿ ಕಂಡಿತು ಎಂದಮಾತ್ರಕ್ಕೆ ಸಿಲಿಂಡರಿನ ಒಳಗಿನ ಒತ್ತಡದಲ್ಲೂ ಅದು ಹಾರುತ್ತದೆ ಎನ್ನಲಾಗದು. ನಿಂತಾಗ ಸರಿಯಾಗಿದ್ದು, ಏರು ರಸ್ತೆಯಲ್ಲಿ ಅಥವಾ ಹಿಂದಿಕ್ಕುವ ಸಂದರ್ಭದಲ್ಲಿ ಮಾತ್ರ ಎಂಜಿನ್ ಮಿಸ್ ಆಗುವುದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು. ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿ ಒತ್ತಡವು ಏರುತ್ತದೆ. ದುರ್ಬಲ ಕಾಯಿಲ್ ಆ ಹೊತ್ತಿಗೆ ಸೋಲುತ್ತದೆ.

## ಇತಿಹಾಸ

ರಾಬರ್ಟ್ ಬಾಷ್ ಅವರ ಕಾರ್ಯಾಗಾರದಲ್ಲಿ ಗಾಟ್‌ಲೋಬ್ ಹೊನೊಲ್ಡ್ 1902ರಲ್ಲಿ ರೂಪಿಸಿದ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ಗು ಕಾರುಗಳ ದಹನ ವ್ಯವಸ್ಥೆಗೆ ಹೊಸ ದಾರಿ ತೋರಿದವು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ, ಬ್ಯಾಟರಿ, ಕಾಯಿಲ್ ಮತ್ತು ಕಾಂಟ್ಯಾಕ್ಟ್ ಪಾಯಿಂಟುಗಳಿಂದ ಕೂಡಿದ ವ್ಯವಸ್ಥೆಯು 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದು, ಹಲವು ದಶಕಗಳ ಕಾಲ ಜಗತ್ತಿನಾದ್ಯಂತ ಉಳಿಯಿತು.

ಭಾರತದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಇದೇ ಮಾದರಿಯ ಪಾಯಿಂಟು, ಕಂಡೆನ್ಸರ್ ಮತ್ತು ಡಿಸ್ಟ್ರಿಬ್ಯೂಟರುಗಳಿದ್ದವು. ಪಾಯಿಂಟುಗಳು ಸವೆದು, ಸುಟ್ಟು ಅಥವಾ ಅವುಗಳ ಅಂತರ ತಪ್ಪಿ ಮಿಸ್ಸಿಂಗ್ ಬರುವುದು ಆ ಕಾಲದ ಸಾಮಾನ್ಯ ದೂರಾಗಿತ್ತು. ಉಜ್ಜುಕಾಗದದಿಂದ ಪಾಯಿಂಟನ್ನು ಶುಚಿಗೊಳಿಸುವುದು ಮೆಕ್ಯಾನಿಕರ ನಿತ್ಯದ ಕೆಲಸವಾಗಿತ್ತು. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಕೂಡ ಮೊದಲಿಗೆ ಕಾರ್ಬ್ಯುರೇಟರ್ ಹೊಂದಿದ್ದ ಕಾರು. ಹೊಗೆಯ ಮಿತಿಗಳು ಬಿಗಿಯಾದಂತೆ ಕಾರ್ಬ್ಯುರೇಟರಿನ ಸ್ಥಾನಕ್ಕೆ ಇಂಧನ ಚಿಮ್ಮಿಸುವ ಇಂಜೆಕ್ಟರುಗಳು, ಡಿಸ್ಟ್ರಿಬ್ಯೂಟರಿನ ಸ್ಥಾನಕ್ಕೆ ಪ್ರತಿ ಪ್ಲಗ್ಗಿನ ಮೇಲೆ ಕೂರುವ ಪ್ರತ್ಯೇಕ ಕಾಯಿಲ್‌ಗಳು ಬಂದವು. ಭಾರತ್ ಸ್ಟೇಜ್-4 ಮಾನದಂಡವು 2017ರ ಏಪ್ರಿಲ್‌ನಿಂದ, ಭಾರತ್ ಸ್ಟೇಜ್-6 ಮಾನದಂಡವು 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದವು.

## ಲಕ್ಷಣಗಳು

* ಐಡಲ್‌ನಲ್ಲಿ ಎಂಜಿನ್ ಅದುರುವುದು, ಸ್ಟೀರಿಂಗ್ ಮತ್ತು ಆಸನಕ್ಕೆ ಕಂಪನ ತಾಗುವುದು
* ವೇಗ ಹೆಚ್ಚಿಸುವಾಗ ಜರ್ಕ್ ಹೊಡೆಯುವುದು, ಎಳೆಯುವ ಶಕ್ತಿ ಕುಗ್ಗುವುದು
* ಸೈಲೆನ್ಸರಿನಿಂದ ತಾಳ ತಪ್ಪಿದ ಸದ್ದು ಬರುವುದು, ಕೆಲವೊಮ್ಮೆ ಪಟಾಕಿಯಂತೆ ಸಿಡಿಯುವುದು
* ಹೊಗೆಯಲ್ಲಿ ಉರಿಯದ ಪೆಟ್ರೋಲಿನ ವಾಸನೆ
* ಇಂಧನದ ಖರ್ಚು ಹೆಚ್ಚುವುದು
* ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಎಚ್ಚರಿಕೆ ದೀಪ ಹೊತ್ತಿಕೊಳ್ಳುವುದು ಅಥವಾ ಮಿನುಗುವುದು

ಎಚ್ಚರಿಕೆ ದೀಪವು ಸ್ಥಿರವಾಗಿ ಉರಿಯುವುದಕ್ಕೂ ಮಿನುಗುವುದಕ್ಕೂ ವ್ಯತ್ಯಾಸವಿದೆ. ಮಿನುಗುವ ದೀಪವು ಕ್ಯಾಟಲಿಟಿಕ್ ಕನ್ವರ್ಟರಿಗೆ ಹಾನಿಯಾಗುವಷ್ಟು ತೀವ್ರವಾದ ಮಿಸ್‌ಫೈರ್ ನಡೆಯುತ್ತಿದೆ ಎಂಬುದರ ಸೂಚನೆ. ಉರಿಯದೆ ಹೊರಬಂದ ಪೆಟ್ರೋಲು ಕನ್ವರ್ಟರಿನೊಳಗೆ ಉರಿಯತೊಡಗಿ, ಅಲ್ಲಿನ ಪಿಂಗಾಣಿಯ ಜಾಲರಿಯನ್ನು ಕರಗಿಸುವಷ್ಟು ಶಾಖ ಉಂಟಾಗಬಹುದು. ಒಂದು ಪ್ಲಗ್ಗಿನ ಬೆಲೆಗೆ ಹೋಲಿಸಿದರೆ ಕನ್ವರ್ಟರಿನ ಬೆಲೆ ಬಹುಪಾಲು ಹೆಚ್ಚು. ಆದ್ದರಿಂದ ದೀಪ ಮಿನುಗುವಾಗ ವೇಗ ತಗ್ಗಿಸಿ, ಸುರಕ್ಷಿತ ಸ್ಥಳದಲ್ಲಿ ವಾಹನವನ್ನು ನಿಲ್ಲಿಸುವುದು ಸೂಕ್ತ.

## ಎಂಜಿನ್ ನಿಯಂತ್ರಣ ಘಟಕವು ದೋಷವನ್ನು ಗುರುತಿಸುವ ಬಗೆ

ಪ್ರತಿ ದಹನವೂ ಕ್ರ್ಯಾಂಕ್‌ಶಾಫ್ಟಿಗೆ ಒಂದು ಸಣ್ಣ ನೂಕು ಕೊಡುತ್ತದೆ. ಶಾಫ್ಟಿನ ಮೇಲಿನ ಹಲ್ಲುಗಾಲಿಯನ್ನು ಸೆನ್ಸರ್ ಎಣಿಸುತ್ತಿರುತ್ತದೆ. ಒಂದು ಸಿಲಿಂಡರ್ ಉರಿಯದಿದ್ದರೆ ಅದರ ಸರದಿಯಲ್ಲಿ ಗಾಲಿಯ ವೇಗವು ಕ್ಷಣಮಾತ್ರ ತಗ್ಗುತ್ತದೆ. ಯಾವ ಸರದಿಯಲ್ಲಿ ವೇಗ ತಗ್ಗಿತು ಎಂಬುದರಿಂದ ನಿಯಂತ್ರಣ ಘಟಕವು ಸಿಲಿಂಡರಿನ ಸಂಖ್ಯೆಯನ್ನು ಲೆಕ್ಕಹಾಕಿ ದೋಷಸಂಕೇತವನ್ನು ದಾಖಲಿಸುತ್ತದೆ. ಪಿ0301ರಿಂದ ಪಿ0304ರವರೆಗಿನ ಸಂಕೇತಗಳು ಕ್ರಮವಾಗಿ ಒಂದರಿಂದ ನಾಲ್ಕನೆಯ ಸಿಲಿಂಡರುಗಳನ್ನು ಸೂಚಿಸುತ್ತವೆ. ಪಿ0300 ಎಂದರೆ ಹಲವು ಸಿಲಿಂಡರುಗಳಲ್ಲಿ ಅಥವಾ ಅನಿಯತವಾಗಿ ಮಿಸ್‌ಫೈರ್ ಆಗುತ್ತಿದೆ ಎಂದರ್ಥ.

ಸಂಕೇತವು ದೋಷ ಎಲ್ಲಿ ಕಾಣಿಸಿಕೊಂಡಿತು ಎಂಬುದನ್ನು ತಿಳಿಸುತ್ತದೆಯೇ ಹೊರತು ಯಾವ ಬಿಡಿಭಾಗ ಕೆಟ್ಟಿದೆ ಎಂಬುದನ್ನಲ್ಲ. ಪಿ0303 ಸಂಕೇತಕ್ಕೆ ಮೂರನೆಯ ಸಿಲಿಂಡರಿನ ಕಾಯಿಲ್, ಪ್ಲಗ್, ಇಂಜೆಕ್ಟರ್, ವಾಲ್ವ್ ಅಥವಾ ತಂತಿಗಳಲ್ಲಿ ಯಾವುದೂ ಕಾರಣವಾಗಿರಬಹುದು.

## ಕಾರಣಗಳು

### ಕಿಡಿಯ ವ್ಯವಸ್ಥೆ

ಪ್ಲಗ್ಗಿನ ವಿದ್ಯುದ್ವಾರಗಳು ಸವೆದು ಸಂದಿ ಅಗಲವಾಗುವುದು, ಪ್ಲಗ್ಗಿನ ಪಿಂಗಾಣಿಯಲ್ಲಿ ಬಿರುಕು, ಕಾಯಿಲ್‌ನ ರಬ್ಬರ್ ಕೊಳವೆ ಹರಿದು ಕಿಡಿಯು ಪಕ್ಕದ ಲೋಹಕ್ಕೆ ಸೋರುವುದು, ಕಾಯಿಲ್‌ನ ಒಳಸುರುಳಿಯ ನಿರೋಧಕ ಲೇಪನ ಬಿರಿಯುವುದು ಇವು ಮುಖ್ಯ ಕಾರಣಗಳು. ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಪ್ಲಗ್ಗಿನ ಸಂದಿ 0.7ರಿಂದ 1.1 ಮಿಲಿಮೀಟರ್ ನಡುವೆ ಇರುತ್ತದೆ. ನಿಖರ ಅಳತೆಯನ್ನು ಆಯಾ ಕಾರಿನ ಕೈಪಿಡಿ ನೀಡುತ್ತದೆ. ವಾಲ್ವ್ ಕವರಿನ ಸೀಲು ಸೋರಿ ಪ್ಲಗ್ಗಿನ ಗುಳಿಯಲ್ಲಿ ಎಣ್ಣೆ ನಿಂತರೆ ರಬ್ಬರ್ ಕೊಳವೆ ಮೆತ್ತಗಾಗಿ ಹಾಳಾಗುತ್ತದೆ. ಇಂತಹ ಸಂದರ್ಭದಲ್ಲಿ ಸೀಲನ್ನು ಬದಲಿಸದೆ ಕಾಯಿಲನ್ನು ಮಾತ್ರ ಬದಲಿಸಿದರೆ ದೋಷವು ಮರಳಿ ಬರುತ್ತದೆ.

ಕೆಲವು ಕಾರುಗಳಲ್ಲಿ ಒಂದು ಕಾಯಿಲ್ ಎರಡು ಸಿಲಿಂಡರುಗಳಿಗೆ ಕಿಡಿ ಒದಗಿಸುತ್ತದೆ. ಅವುಗಳಲ್ಲಿ 1 ಮತ್ತು 4, ಅಥವಾ 2 ಮತ್ತು 3 ಒಟ್ಟಿಗೆ ಮಿಸ್ ಆದರೆ ಜೋಡಿಗೆ ಸಮಾನವಾದ ಕಾಯಿಲ್ ಮೊದಲ ಶಂಕಿತ ಭಾಗವಾಗುತ್ತದೆ.

### ಇಂಧನ ಮತ್ತು ಗಾಳಿ

ಕಟ್ಟಿಕೊಂಡ ಇಂಜೆಕ್ಟರ್, ದುರ್ಬಲ ಪೆಟ್ರೋಲ್ ಪಂಪು, ತುಂಬಿಹೋದ ಇಂಧನ ಶೋಧಕ ಹಾಗೂ ಇಂಧನದಲ್ಲಿ ಸೇರಿದ ನೀರು ಮಿಶ್ರಣವನ್ನು ಕೆಡಿಸುತ್ತವೆ. ಇನ್‌ಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಅಥವಾ ನಿರ್ವಾತ ಕೊಳವೆ ಬಿರಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಗಾಳಿಯ ಹರಿವನ್ನು ನೇರವಾಗಿ ಅಳೆಯುವ ಎಂಜಿನ್‌ಗಳಲ್ಲಿ ಇದರಿಂದ ಮಿಶ್ರಣ ತೆಳುವಾಗುತ್ತದೆ. ಮ್ಯಾನಿಫೋಲ್ಡಿನ ಒತ್ತಡದಿಂದ ಗಾಳಿಯನ್ನು ಲೆಕ್ಕಹಾಕುವ ಎಂಜಿನ್‌ಗಳಲ್ಲಿ ಐಡಲ್ ವೇಗ ಏರುವುದೇ ಹೆಚ್ಚು.

ಎಥೆನಾಲ್ ಬೆರೆಸಿದ ಪೆಟ್ರೋಲು ತೇವಾಂಶವನ್ನು ಹೀರುತ್ತದೆ. ಶೇಕಡಾ 20ರಷ್ಟು ಎಥೆನಾಲ್ ಇರುವ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. ಟ್ಯಾಂಕಿನಲ್ಲಿ ನೀರಿನ ಪ್ರಮಾಣ ಮಿತಿಮೀರಿದರೆ ಎಥೆನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ಸೇರುತ್ತವೆ. ಪಂಪು ತಳದಿಂದಲೇ ಹೀರುವುದರಿಂದ ಎಂಜಿನ್ ಮಿಸ್ ಆಗುತ್ತದೆ ಅಥವಾ ಚಾಲೂ ಆಗುವುದಿಲ್ಲ. ಬಹುಕಾಲ ನಿಲ್ಲಿಸಿದ ಕಾರುಗಳಲ್ಲಿ ಈ ಸಾಧ್ಯತೆ ಹೆಚ್ಚು.

### ಯಾಂತ್ರಿಕ ಕಾರಣಗಳು

ಸುಟ್ಟ ವಾಲ್ವ್, ಸವೆದ ಪಿಸ್ಟನ್ ರಿಂಗು, ಹೆಡ್ ಗ್ಯಾಸ್ಕೆಟ್ ಸೋರಿಕೆ ಮತ್ತು ಹಲ್ಲು ಜಾರಿದ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಸಂಪೀಡನವನ್ನು ತಗ್ಗಿಸುತ್ತವೆ. ಅನಿಲ ಇಂಧನಕ್ಕೆ ಮಾರ್ಪಡಿಸಿದ ಹಳೆಯ ಕಾರುಗಳಲ್ಲಿ ವಾಲ್ವಿನ ಆಸನ ಸವೆದು ವಾಲ್ವ್ ಕ್ಲಿಯರೆನ್ಸ್ ಕಡಿಮೆಯಾಗುವುದುಂಟು. ಆಗ ಎಂಜಿನ್ ಬಿಸಿಯಾದ ಬಳಿಕ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಸಿಎನ್‌ಜಿ ಮಿಶ್ರಣಕ್ಕೆ ಪೆಟ್ರೋಲಿಗಿಂತ ಹೆಚ್ಚಿನ ಕಿಡಿ ವೋಲ್ಟೇಜು ಬೇಕಾಗುವುದರಿಂದ, ಪೆಟ್ರೋಲಿನಲ್ಲಿ ಸರಿಯಾಗಿ ಓಡುವ ಕಾರು ಅನಿಲಕ್ಕೆ ಬದಲಿಸಿದೊಡನೆ ಮಿಸ್ ಆದರೆ ಪ್ಲಗ್ ಮತ್ತು ಕಾಯಿಲ್‌ಗಳನ್ನೂ ಪರಿಶೀಲಿಸಬೇಕಾಗುತ್ತದೆ.

## ಪತ್ತೆಹಚ್ಚುವ ವಿಧಾನ

ಸುಲಭವಾದ ಮತ್ತು ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ ಕಷ್ಟದ ಪರೀಕ್ಷೆಗಳತ್ತ ಸಾಗುವುದು ರೂಢಿ.

1. ವಿವರ ಸಂಗ್ರಹ. ದೋಷವು ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಮಳೆಯಲ್ಲೋ, ಏರಿನಲ್ಲೋ, ಪೆಟ್ರೋಲ್ ತುಂಬಿಸಿದ ನಂತರವೋ ಎಂಬುದನ್ನು ಕೇಳಿ ತಿಳಿಯಲಾಗುತ್ತದೆ.
2. ದೋಷಸಂಕೇತಗಳ ಓದು. ಸ್ಕ್ಯಾನರಿನಿಂದ ಸಂಕೇತಗಳನ್ನು ಮತ್ತು ದೋಷ ದಾಖಲಾದ ಕ್ಷಣದ ವೇಗ, ಉಷ್ಣತೆ, ಭಾರಗಳ ಮಾಹಿತಿಯನ್ನು ಬರೆದುಕೊಳ್ಳಲಾಗುತ್ತದೆ. ಬ್ಯಾಟರಿಯ ತಂತಿ ಕಳಚಿದರೆ ಅಥವಾ ಸಂಕೇತಗಳನ್ನು ಅಳಿಸಿದರೆ ಈ ಮಾಹಿತಿ ಕಳೆದುಹೋಗುತ್ತದೆ.
3. ಕಣ್ಣಿನ ಪರಿಶೀಲನೆ. ಸಡಿಲಗೊಂಡ ಕನೆಕ್ಟರ್, ಇಲಿ ಕಡಿದ ತಂತಿ, ಬಿರಿದ ಕೊಳವೆ, ತುಕ್ಕು ಹಿಡಿದ ಬ್ಯಾಟರಿ ತುದಿಗಳನ್ನು ನೋಡಲಾಗುತ್ತದೆ. ಕತ್ತಲೆಯಲ್ಲಿ ಹಳೆಯ ಕಾರಿನ ಪ್ಲಗ್ ತಂತಿಗಳ ಮೇಲೆ ನೀರಿನ ತುಂತುರು ಸಿಂಪಡಿಸಿದರೆ ಸೋರುವ ಜಾಗದಲ್ಲಿ ನೀಲಿ ಕಿಡಿ ಕಾಣಬಹುದು.
4. ಅದಲುಬದಲು ಪರೀಕ್ಷೆ. ಪಿ0303 ಬಂದಿದ್ದರೆ ಮೂರನೆಯ ಮತ್ತು ಎರಡನೆಯ ಸಿಲಿಂಡರಿನ ಕಾಯಿಲ್‌ಗಳನ್ನು ಪರಸ್ಪರ ಬದಲಿಸಿ ಎಂಜಿನ್ ಓಡಿಸಲಾಗುತ್ತದೆ. ಸಂಕೇತವು ಪಿ0302ಕ್ಕೆ ಸರಿದರೆ ಕಾಯಿಲ್ ದೋಷಿ. ಸರಿಯದಿದ್ದರೆ ಪ್ಲಗ್ಗುಗಳನ್ನು, ಬಳಿಕ ಇಂಜೆಕ್ಟರುಗಳನ್ನು ಇದೇ ರೀತಿ ಬದಲಿಸಲಾಗುತ್ತದೆ. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿದರೆ ಮಾತ್ರ ಫಲಿತಾಂಶಕ್ಕೆ ಅರ್ಥವಿರುತ್ತದೆ.
5. ಸಂಪೀಡನ ಪರೀಕ್ಷೆ. ಇಂಧನ ಮತ್ತು ಕಿಡಿಯನ್ನು ನಿಲ್ಲಿಸಿ, ಥ್ರಾಟಲ್ ಪೂರ್ತಿ ತೆರೆದು, ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯಲಾಗುತ್ತದೆ. ಒಟ್ಟು ಅಳತೆಯಷ್ಟೇ ಸಿಲಿಂಡರುಗಳ ನಡುವಿನ ಸಮಾನತೆಯೂ ಮುಖ್ಯ. ಕಡಿಮೆ ಒತ್ತಡದ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಹಾಕಿದಾಗ ಅಳತೆ ಏರಿದರೆ ರಿಂಗುಗಳು ಸವೆದಿವೆ ಎಂದೂ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಸೋರುತ್ತಿದೆ ಎಂದೂ ಊಹಿಸಲಾಗುತ್ತದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ತಗ್ಗಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಶಂಕಿತವಾಗುತ್ತದೆ.

### ಪ್ಲಗ್ಗಿನ ಬಣ್ಣದಿಂದ ತಿಳಿಯುವ ಸಂಗತಿಗಳು

| ಪ್ಲಗ್ಗಿನ ತುದಿಯ ನೋಟ | ಸೂಚನೆ |
|---|---|
| ತಿಳಿ ಕಂದು ಅಥವಾ ಬೂದು | ದಹನ ಸಹಜವಾಗಿದೆ |
| ಒಣ ಕಪ್ಪು ಮಸಿ | ಇಂಧನ ಹೆಚ್ಚಾಗಿದೆ ಅಥವಾ ಕಿಡಿ ದುರ್ಬಲವಾಗಿದೆ |
| ಜಿಡ್ಡಾದ ಕಪ್ಪು | ಎಂಜಿನ್ ಎಣ್ಣೆ ಸಿಲಿಂಡರಿಗೆ ಸೇರುತ್ತಿದೆ |
| ಬಿಳಿಚಿದ, ಗುಳ್ಳೆ ಎದ್ದ ತುದಿ | ಅತಿ ಶಾಖ ಅಥವಾ ತೆಳು ಮಿಶ್ರಣ |
| ಪೆಟ್ರೋಲಿನಿಂದ ಒದ್ದೆ | ಆ ಸಿಲಿಂಡರಿನಲ್ಲಿ ಮಿಶ್ರಣ ಹೊತ್ತಿಕೊಂಡಿಲ್ಲ |
| ಪಿಂಗಾಣಿಯ ಮೇಲೆ ಉದ್ದನೆಯ ಕಪ್ಪು ಗೆರೆ | ಕಿಡಿಯು ಹೊರಭಾಗದಿಂದ ಸೋರಿದೆ |

ಉಳಿದ ಪ್ಲಗ್ಗುಗಳೆಲ್ಲ ಕಂದು ಬಣ್ಣದಲ್ಲಿದ್ದು ಒಂದು ಮಾತ್ರ ಬೇರೆಯಾಗಿದ್ದರೆ ದೋಷವು ಆ ಸಿಲಿಂಡರಿಗೆ ಸೀಮಿತ. ಎಲ್ಲವೂ ಒಂದೇ ರೀತಿ ಕೆಟ್ಟಿದ್ದರೆ ಪೆಟ್ರೋಲ್ ಪಂಪು, ಸೆನ್ಸರುಗಳಂತಹ ಸಮಾನ ಭಾಗಗಳನ್ನು ನೋಡಬೇಕಾಗುತ್ತದೆ.

## ಪಟ್ಟುಬಿಡದ ಮಿಸ್‌ಫೈರ್

ಪ್ಲಗ್, ಕಾಯಿಲ್ ಮತ್ತು ಇಂಜೆಕ್ಟರುಗಳನ್ನು ಬದಲಿಸಿದ ಮೇಲೂ ಉಳಿಯುವ ದೋಷಗಳಲ್ಲಿ ಕೆಲವು ಮಾದರಿಗಳು ಮತ್ತೆ ಮತ್ತೆ ಕಂಡುಬರುತ್ತವೆ.

ಬಿಸಿಯಾದಾಗ ಮಾತ್ರ ಬರುವ ದೋಷ. ಶಾಖಕ್ಕೆ ಲೋಹವು ಹಿಗ್ಗಿದಾಗ ಕಾಯಿಲ್ ಅಥವಾ ಕ್ರ್ಯಾಂಕ್ ಸೆನ್ಸರಿನ ಒಳಗಿನ ಸಣ್ಣ ಬಿರುಕು ತೆರೆದುಕೊಳ್ಳುತ್ತದೆ. ಎಂಜಿನ್ ತಣಿದ ಮೇಲೆ ಮಲ್ಟಿಮೀಟರ್ ಹಿಡಿದರೆ ಅಳತೆ ಸರಿಯಾಗಿಯೇ ಇರುತ್ತದೆ. ದೋಷ ಕಾಣಿಸಿಕೊಂಡ ಹೊತ್ತಿನಲ್ಲೇ ಅಳೆಯುವುದು, ಅಥವಾ ಭಾಗವನ್ನು ಬಿಸಿಗಾಳಿಯಿಂದ ಕಾಯಿಸಿ ಪರೀಕ್ಷಿಸುವುದು ಇದಕ್ಕೆ ಪರಿಹಾರ.

ಅರ್ಥಿಂಗ್ ದೋಷ. ಎಂಜಿನ್ನಿನಿಂದ ಬ್ಯಾಟರಿಯ ಋಣ ತುದಿಗೆ ಹೋಗುವ ಪಟ್ಟಿ ತುಕ್ಕು ಹಿಡಿದರೆ ಎಲ್ಲ ಕಾಯಿಲ್‌ಗಳೂ ಸೊರಗುತ್ತವೆ. ಸ್ಟಾರ್ಟರ್ ತಿರುಗುವಾಗ ಎಂಜಿನ್ನಿನ ಲೋಹಕ್ಕೂ ಬ್ಯಾಟರಿಯ ಋಣ ತುದಿಗೂ ನಡುವೆ ಸುಮಾರು 0.5 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಪಟ್ಟಿಯನ್ನು ಶುಚಿಗೊಳಿಸಬೇಕಾಗುತ್ತದೆ. ಅನಿಯತವಾಗಿ ಬೇರೆ ಬೇರೆ ಸಿಲಿಂಡರುಗಳ ಸಂಕೇತ ಬರುವುದು ಇದರ ಗುರುತುಗಳಲ್ಲಿ ಒಂದು.

ತಪ್ಪುದಾರಿಗೆಳೆಯುವ ಆಕ್ಸಿಜನ್ ಸೆನ್ಸರ್. ಒಂದು ಸಿಲಿಂಡರ್ ಉರಿಯದಿದ್ದಾಗ ಬಳಕೆಯಾಗದ ಆಮ್ಲಜನಕ ಹೊಗೆಯ ಕೊಳವೆ ಸೇರುತ್ತದೆ. ಸೆನ್ಸರ್ ಇದನ್ನು ‘ಇಂಧನ ಸಾಲದು’ ಎಂದು ಓದುತ್ತದೆ. ನಿಯಂತ್ರಣ ಘಟಕವು ಎಲ್ಲ ಸಿಲಿಂಡರುಗಳಿಗೂ ಇಂಧನ ಹೆಚ್ಚಿಸುತ್ತದೆ. ಮೂಲದಲ್ಲಿ ಕಿಡಿಯ ದೋಷವಿದ್ದರೂ ತೆಳು ಮಿಶ್ರಣವನ್ನು ಸೂಚಿಸುವ ಪಿ0171 ಸಂಕೇತ ದಾಖಲಾಗಿ, ಇಂಧನ ವ್ಯವಸ್ಥೆಯನ್ನು ವೃಥಾ ಬಿಚ್ಚುವಂತಾಗುತ್ತದೆ. ಸೆನ್ಸರನ್ನೇ ಬದಲಿಸಿದರೂ ಪ್ರಯೋಜನವಾಗದು.

ಹೊಸ ಭಾಗವೇ ಕೆಟ್ಟಿರುವುದು. ನಕಲಿ ಅಥವಾ ಬೇರೆ ಮಾದರಿಯ ಪ್ಲಗ್, ಬೀಳಿಸಿ ಪಿಂಗಾಣಿ ಬಿರಿದ ಪ್ಲಗ್, ಸರಿಯಾಗಿ ಕೂರದ ಕನೆಕ್ಟರ್ ಇವು ದುರಸ್ತಿಯ ನಂತರ ಹುಟ್ಟುವ ದೋಷಗಳು. ‘ಹೊಸದು ಹಾಕಿದೆ’ ಎಂಬ ಕಾರಣಕ್ಕೆ ಅದನ್ನು ಪಟ್ಟಿಯಿಂದ ಕೈಬಿಡುವುದು ತಪ್ಪು ನಿರ್ಣಯಕ್ಕೆ ಎಡೆಮಾಡಿಕೊಡುತ್ತದೆ.

## ಒಣ ಬಯಲುನಾಡಿನ ಪರಿಸರ ಮತ್ತು ಮಿಸ್‌ಫೈರ್

ದೋಷದ ಸ್ವರೂಪವು ವಾಹನ ಓಡಾಡುವ ನೆಲ ಮತ್ತು ಹವೆಯನ್ನೂ ಅವಲಂಬಿಸುತ್ತದೆ. ಉತ್ತರ ಕರ್ನಾಟಕದ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಪ್ರದೇಶಗಳು ಇದಕ್ಕೆ ಉದಾಹರಣೆ. ಉತ್ತರದಲ್ಲಿ ಭೀಮಾ, ದಕ್ಷಿಣದಲ್ಲಿ ಕೃಷ್ಣಾ ನದಿಗಳ ನಡುವಿನ ಈ ಒಣ ಬಯಲಿನಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಿಧಾನವಾಗಿ ಸಾಗುವಾಗ ಅಥವಾ ಬಿಸಿ ಎಂಜಿನ್ ನಿಲ್ಲಿಸಿದ ಕೂಡಲೆ ಬಾನೆಟ್ಟಿನ ಕೆಳಗಿನ ಶಾಖವು ಇದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಬಿಸಿಯಾದಾಗ ಮಾತ್ರ ಕಾಣುವ ಕಾಯಿಲ್ ಮತ್ತು ಸೆನ್ಸರ್ ದೋಷಗಳು ಇಂತಹ ಹವೆಯಲ್ಲಿ ಬೇಗ ಹೊರಬೀಳುತ್ತವೆ. ಕಾರ್ಬ್ಯುರೇಟರ್ ಇರುವ ಹಳೆಯ ಕಾರುಗಳಲ್ಲಿ ಇಂಧನ ಕೊಳವೆಯಲ್ಲೇ ಪೆಟ್ರೋಲು ಆವಿಯಾಗಿ ಹರಿವು ನಿಲ್ಲುವುದನ್ನು ಕಿಡಿಯ ದೋಷವೆಂದು ಭ್ರಮಿಸುವ ಸಾಧ್ಯತೆಯೂ ಇದೆ.

ಇಲ್ಲಿನ ಎರೆ ಭೂಮಿಯು ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾದುಹೋಗುವ ರಸ್ತೆಗಳು ಏರುತಗ್ಗಾಗುತ್ತವೆ. ಉಬ್ಬುತಗ್ಗಿನಲ್ಲಿ ಚಕ್ರಗಳ ಕುಲುಕಾಟವು ಕ್ರ್ಯಾಂಕ್‌ಶಾಫ್ಟಿಗೂ ತಲುಪಿ, ಮಿಸ್‌ಫೈರನ್ನು ಹೋಲುವ ವೇಗದ ಏರಿಳಿತ ಉಂಟುಮಾಡುತ್ತದೆ. ಚಕ್ರದ ವೇಗದ ಸೆನ್ಸರುಗಳಿಂದ ರಸ್ತೆ ಕೆಟ್ಟಿದೆ ಎಂದು ತಿಳಿದಾಗ ಹಲವು ಕಾರುಗಳ ನಿಯಂತ್ರಣ ಘಟಕಗಳು ಎಣಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತವೆ. ಆದ್ದರಿಂದ ಸಂಕೇತವನ್ನು ಖಚಿತಪಡಿಸಿಕೊಳ್ಳುವ ಪರೀಕ್ಷಾ ಚಾಲನೆಯನ್ನು ಸಮತಟ್ಟಾದ ರಸ್ತೆಯಲ್ಲಿ ನಡೆಸುವುದು ಸೂಕ್ತ.

ಒಣ ಧೂಳು ಗಾಳಿ ಶೋಧಕವನ್ನು ಬೇಗ ಕಟ್ಟಿಸುತ್ತದೆ. ಕಾರ್ಬ್ಯುರೇಟರ್ ಎಂಜಿನ್ನಿನಲ್ಲಿ ಇದರಿಂದ ಮಿಶ್ರಣ ದಟ್ಟವಾಗಿ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಇಂಜೆಕ್ಟರ್ ಎಂಜಿನ್ ಇಂಧನವನ್ನು ಹೊಂದಿಸಿಕೊಳ್ಳುವುದರಿಂದ ಶಕ್ತಿ ಕುಗ್ಗುವುದೇ ಮುಖ್ಯ ಲಕ್ಷಣ. ಪ್ಲಗ್ ಬಿಚ್ಚುವ ಮೊದಲು ಗುಳಿಯಲ್ಲಿನ ಧೂಳನ್ನು ಗಾಳಿಯಿಂದ ಊದಿ ತೆಗೆಯದಿದ್ದರೆ ಅದು ಸಿಲಿಂಡರಿನೊಳಗೆ ಬೀಳುತ್ತದೆ. ಹೊಲಮನೆಯ ಬಳಿ, ಕಾಳಿನ ಚೀಲಗಳ ಸಮೀಪ ನಿಲ್ಲಿಸಿದ ಕಾರುಗಳ ತಂತಿಗಳನ್ನು ಇಲಿ ಕಡಿಯುವುದೂ ಸಾಧ್ಯ. ಹೊರಕವಚ ಸರಿಯಾಗಿದ್ದಂತೆ ಕಂಡರೂ ತಂತಿಯ ಅಡಿಭಾಗದ ಒಂದು ಕಡಿತವು ಮಳೆಯಲ್ಲಿ ಮಾತ್ರ ದೋಷ ತೋರಬಹುದು.

## ಸುರಕ್ಷತೆ

ಕಾಯಿಲ್‌ನ ಅಧಿಕ ವೋಲ್ಟೇಜು ತೀವ್ರ ಆಘಾತ ಉಂಟುಮಾಡುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರಿಗೆ ಇದು ವಿಶೇಷವಾಗಿ ಅಪಾಯಕರ. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ತಂತಿಯನ್ನು ಕಿತ್ತು ಯಾವ ಸಿಲಿಂಡರ್ ಕೆಟ್ಟಿದೆ ಎಂದು ನೋಡುವ ಹಳೆಯ ಪದ್ಧತಿ ಎಲೆಕ್ಟ್ರಾನಿಕ್ ವ್ಯವಸ್ಥೆಗಳಿಗೆ ಸೂಕ್ತವಲ್ಲ. ದಾರಿ ಸಿಗದ ವೋಲ್ಟೇಜು ಕಾಯಿಲನ್ನೂ ನಿಯಂತ್ರಣ ಘಟಕವನ್ನೂ ಸುಡಬಲ್ಲದು. ಅದರ ಬದಲು ಇಂಜೆಕ್ಟರಿನ ಕನೆಕ್ಟರನ್ನು ಕಳಚುವುದು ಅಥವಾ ಸ್ಕ್ಯಾನರಿನಿಂದ ಸಿಲಿಂಡರನ್ನು ನಿಲ್ಲಿಸುವುದು ಸುರಕ್ಷಿತ. ಸಂಪೀಡನ ಪರೀಕ್ಷೆಯ ವೇಳೆ ಪ್ಲಗ್ ರಂಧ್ರದಿಂದ ಪೆಟ್ರೋಲಿನ ಆವಿ ಹೊರಬರುವುದರಿಂದ ಕಿಡಿಯ ವ್ಯವಸ್ಥೆಯನ್ನು ಪೂರ್ತಿ ನಿಷ್ಕ್ರಿಯಗೊಳಿಸಿರಬೇಕು. ಅಲ್ಯೂಮಿನಿಯಂ ಹೆಡ್ ಇರುವ ಎಂಜಿನ್ ಬಿಸಿಯಾಗಿರುವಾಗ ಪ್ಲಗ್ ತಿರುಗಿಸಿದರೆ ಎಳೆಗಳು ಕಿತ್ತುಬರುವ ಸಂಭವವಿದೆ.

## ಇವನ್ನೂ ನೋಡಿ

* ಅಂತರ್ದಹನ ಎಂಜಿನ್
* ಸ್ಪಾರ್ಕ್ ಪ್ಲಗ್
* ಕ್ಯಾಟಲಿಟಿಕ್ ಕನ್ವರ್ಟರ್
* ಭಾರತ್ ಸ್ಟೇಜ್ ಮಾನದಂಡಗಳು
* ವಿಜಯಪುರ ಜಿಲ್ಲೆ